ಬಿಳಿ ಉಸುಕು, ಬಗಲಾಗಿನ ಕೂಸು

ನಾ ಕಳಿಸಿದ ಫೋಟೋ ನೋಡಿ ನಿಮ್ಮಾಗ ಭಾಳ ಮಂದಿ ಕೇಳಿದ್ರಿ, "ಅಷ್ಟು ಹಿಮದಾಗ ಹುಡುಗರನ್ನ ಬರಿಗಾಲಿಲೆ ಯಾಕ ಬಿಟ್ಟೀರಿ?" ಅಂತ. ಗದಗಿನ ಮೌಶಿ ಅಂತೂ ಫೋನ್ ಮಾಡಿ ಬೈದೇ ಬಿಟ್ರು, ಮೊಮ್ಮಕ್ಕಳಿಗೆ ಕಾಲ್ಚೀಲ ಹಾಕಲಿಕ್ಕೂ ಬ್ಯಾಸರೇನ ನಿನಗ ಅಂತ. ಅದು ಹಿಮ ಅಲ್ರೀ ಮೌಶಿ. ಉಸುಕು. ಅಮೇರಿಕಾದ ನ್ಯೂ ಮೆಕ್ಸಿಕೋ ರಾಜ್ಯದಾಗ ವೈಟ್ ಸ್ಯಾಂಡ್ಸ್ ಅಂತ ಮರುಭೂಮಿ ಅದ, ಮಗಳು-ಅಳಿಯ ಇರೋ ಎಲ್ ಪಾಸೋದಿಂದ ಕಾರಿನಾಗ ಹೆಚ್ಚು ಕಡಿಮಿ ಎರಡು ತಾಸಿನ ದಾರಿ. ಅಲ್ಲೆ ಸುಮಾರು 700 ಚದರ ಕಿಲೋಮೀಟರ್ ತುಂಬ ಬರೇ ಬಿಳಿ ಉಸುಕಿನ ದಿಬ್ಬ. ರಂಗೋಲಿ ಪುಡಿ ಚೀಲಗಟ್ಟಲೆ ಯಾರೋ ಸುರುವಿ ಹೋದಂಗ ಕಾಣ್ತದ.

ನಮ್ಮ ಕಡೆ ಉಸುಕಿನ ದಿಬ್ಬ ಅಂದ್ರ ತಲಕಾಡು ನೆನಪಾಗ್ತದ, ಇಲ್ಲಾಂದ್ರ ಟೂರಿಗೆ ಹೋದೋರಿಗೆ ಜೈಸಲ್ಮೇರು. ಇದು ಆ ಜಾತಿ ಉಸುಕಲ್ಲ. ಇದು ಜಿಪ್ಸಮ್. ಸಾಲ್ಯಾಗ ಮಾಸ್ತರು ಬೋರ್ಡಿನ ಮ್ಯಾಲೆ ಬರೀತಿದ್ದ ಖಡು, ಮನಿ ಛತ್ತಿಗೆ ಹಚ್ಚೋ ಪಿ.ಓ.ಪಿ., ಎಲ್ಲಾ ಇದರದೇ ಬಳಗ. ಜಿಪ್ಸಮ್ ನೀರಾಗ ಕರಗ್ತದ, ಹಂಗಾಗಿ ಉಸುಕಾಗಿ ಉಳಿಯೋದು ಜಗತ್ತಿನಾಗ ಭಾಳ ಅಪರೂಪ. ಮಳಿ ಬಿದ್ರ ಕರಗಿ ಹೊಳಿ ಹಿಡದು ಸಮುದ್ರಕ್ಕ ಹೋಗಿಬಿಡ್ತದ. ಆದ್ರ ಈ ಟುಲಾರೋಸಾ ತಗ್ಗು ಅನ್ನೋದು ಸುತ್ತ ಗುಡ್ಡ ಇರೋ ಪರಾತ ಇದ್ದಂಗ. ಇಲ್ಲಿಂದ ಸಮುದ್ರಕ್ಕ ಹೋಗೋ ಹೊಳೀನೇ ಇಲ್ಲ. ಗುಡ್ಡದ ಜಿಪ್ಸಮ್ ಕರಗಿ ಕೆಳಗ ಬಂತು, ನೀರು ಬಿಸಲಿಗೆ ಆರಿತು, ಜಿಪ್ಸಮ್ ಹರಳಾಗಿ ಕೂತ್ತು. ಹಿಮಯುಗದಾಗ ಇಲ್ಲೆ ಒಟೇರೋ ಅಂತ ದೊಡ್ಡ ಕೆರಿ ಇತ್ತು, ಅದು ಒಣಗಿ ಈಗ ಲೂಸೇರೋ ಅಂತ ಸಣ್ಣ ತಗ್ಗು ಉಳದದ. ಹರಳು ಬಿಸಲಿಗೆ, ಥಂಡಿಗೆ ಒಡದು ಪುಡಿಯಾಗಿ, ಗಾಳಿ ಅದನ್ನ ಈಶಾನ್ಯಕ್ಕ ದೂಡಕೊಂಡು ಹೊಂಟದ. ಕೆಲವು ದಿಬ್ಬ ವರ್ಷಕ್ಕ 9 ಮೀಟರ್ ತನಕ ನಡೀತಾವಂತ. ಮತ್ತ ಬಿಳಿ ಇರೋದಕ್ಕ ಬಿಸಲು ಹೀರಕೊಳ್ಳೋದಿಲ್ಲ, ತಿರುಗಿ ಎಸದುಬಿಡ್ತದ. ಜೂನ್ ತಿಂಗಳದಾಗೂ ಅಂಗಾಲಿಗೆ ತಣ್ಣಗ. ಕಾಲ್ಚೀಲದ ಮಾತು ಇಲ್ಲಿಗೆ ಮುಗೀತು.

ಫೋಟೋ ತಗಿಯೋರಿಗೆ ಈ ಬಿಳುಪು ದೊಡ್ಡ ಕಾಟ. ಕ್ಯಾಮೆರಾ ಇರಲಿ ಫೋನ್ ಇರಲಿ, ಜಗತ್ತು ಅಂದ್ರ ಕಪ್ಪೂ ಅಲ್ಲ ಬಿಳೀನೂ ಅಲ್ಲ, ನಡುವಿನ ಬೂದಿ ಬಣ್ಣದ್ದು ಅಂತ ತಿಳಕೊಂಡಿರ್ತದ. ಎದುರಿಗೆ ಎಲ್ಲಾ ಬಿಳೀನೇ ಕಂಡ್ರ, ಬೆಳಕು ಜಾಸ್ತಿ ಆತು ಅಂತ ತಾನ ಕಡಿಮಿ ಮಾಡ್ತದ. ಉಸುಕು ಹೊಲಸು ನೀರಾಗ ಅದ್ದಿದ ಧೋತರದಂಗ ಬರ್ತದ, ಹುಡುಗರ ಮಾರಿ ಕರ್ರಗ. ಫೋನಿನಾಗಾದ್ರ ಮಗುವಿನ ಮಾರಿ ಮ್ಯಾಲೆ ಬಟ್ಟಿಟ್ಟು, ಬಾಜೂಕ ಸೂರ್ಯನ ಗುರುತು ಬರ್ತದಲ್ಲಾ, ಅದನ್ನ ಸ್ವಲ್ಪ ಮ್ಯಾಲೆ ಎಳೀರಿ. ಮಧ್ಯಾಹ್ನ ತಗೀಬ್ಯಾಡ್ರಿ, ನೆರಳಿಲ್ಲದ ಉಸುಕು ಬರೇ ಖಾಲಿ ಹಾಳಿ. ಹೊತ್ತು ಮುಣಗೋದಕ್ಕ ಒಂದು ತಾಸು ಮೊದಲ ನಿಂತ್ರ ಒಂದೊಂದು ಅಲಿಗೂ ನೆರಳು ಬೀಳ್ತದ, ನೆರಳು ನೀಲಿ ಕಾಣ್ತದ, ನಮ್ಮ ಹುಡುಗರ ಒಂದೊಂದು ಹೆಜ್ಜಿನೂ ಬಟ್ಟಲದಂಗ ಎದ್ದು ಕಾಣ್ತದ.

ಉಸುಕಿನ ದಿಬ್ಬದ ಫೋಟೋ ಅಂದ್ರ ದೊಡ್ಡವರು ಹೇಳೋ ಹೆಸರು ಎರಡು, ಎಡ್ವರ್ಡ್ ವೆಸ್ಟನ್ ಮತ್ತ ಆನ್ಸೆಲ್ ಆಡಮ್ಸ್. ವೆಸ್ಟನ್ 1936ರಾಗ ಕ್ಯಾಲಿಫೋರ್ನಿಯಾದ ಓಷಿಯಾನೋ ದಿಬ್ಬದಾಗ ತಗದ ಚಿತ್ರ ಇವತ್ತಿಗೂ ಮಂದಿ ನೋಡ್ತಾರ. ಮುಂದ ಇಬ್ರೂ ಈ ವೈಟ್ ಸ್ಯಾಂಡ್ಸಿಗೂ ಬಂದ್ರು. ಛಂದ ಅವ, ಅಲ್ಲ ಅನ್ನಂಗಿಲ್ಲ. ಕಪ್ಪು ಬಿಳುಪಿನಾಗ ಉಸುಕು ರೇಶ್ಮಿ ಸೀರಿ ನಿರಿಗಿ ಹಂಗ ಕಾಣ್ತದ. ಆದ್ರ ಆ ನಿರಿಗ್ಯಾಗ ಮನಷ್ಯಾರ ಹೆಜ್ಜಿ ಬೀಳಬಾರದು ಅಂತ ಕಾಯ್ಕೊಂಡು ಕೂತು ತಗದಂಗ ನನಗ ಅನಸ್ತದ.

ವೆಸ್ಟನ್ ವಿಷಯ ಓದೂ ಮುಂದ ಒಂದು ಮಾತು ಮನಸಿಗೆ ಹತ್ತಿತು. ಅಂವಗ ಕಾರು ಓಡಿಸ್ಲಿಕ್ಕೆ ಬರ್ತಿರಲಿಲ್ಲ. 1937ರಾಗ ಗುಗೆನ್‌ಹೈಮ್ ಅಂತ ದೊಡ್ಡ ಧನಸಹಾಯ ಸಿಕ್ತು, ಫೋಟೋಗ್ರಾಫರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆ ಹಣದಾಗ ಪಶ್ಚಿಮ ಅಮೇರಿಕಾ ಎಲ್ಲಾ ತಿರುಗಿದ್ರು. ಕಾರು ಓಡಿಸಿದಾಕಿ ಮುಂದ ಅಂವನ ಹೆಂಡತಿ ಆದ ಕ್ಯಾರಿಸ್ ವಿಲ್ಸನ್. ಟೆಂಟ್ ಹಾಕೋದು, ಅಡಗಿ, ದಿನಚರಿ ಬರಿಯೋದು, ಎಲ್ಲಾದ್ರಾಗೂ ಅಕಿ ಕೈ. 1940ರಾಗ ಬಂದ ಪುಸ್ತಕದ ಬರವಣಿಗಿನೂ ಅಕಿದೇ. ಹೆಸರು ಕೇಳಿದ್ರ ಮಂದಿ ಅಂವನ ಹೆಸರಷ್ಟ ಹೇಳ್ತಾರ. ಲಾರಾ ಗಿಲ್ಪಿನ್ ಅನ್ನೋ ಹೆಣ್ಮಗಳೂ ವೈಟ್ ಸ್ಯಾಂಡ್ಸ್ ಫೋಟೋ ತಗದಾಳ. 1903ರಾಗ ಅಕಿ ಹನ್ನೆರಡನೇ ಹುಟ್ಟಿದ ಹಬ್ಬಕ್ಕ ಮನ್ಯಾಗ ಒಂದು ಬ್ರೌನಿ ಡಬ್ಬಿ ಕ್ಯಾಮೆರಾ ಕೊಡಿಸಿದ್ರಂತ. ಕೊಡಾಕ್ ಕಂಪನಿ 1900ರಾಗ ಹುಡುಗರ ಸಲುವಾಗೇ ಒಂದು ಡಾಲರಿಗೆ ಮಾರಲಿಕ್ಕೆ ತಂದ ಕ್ಯಾಮೆರಾ ಅದು. ಇದನ್ನ ಓದಿದ ಮ್ಯಾಲೇನ ನಾ ನನ್ನ ಹಳೇ ಫೋನನ್ನ ದೊಡ್ಡ ಮೊಮ್ಮಗಳ ಕೈಗೆ ಕೊಟ್ಟಿದ್ದು. ಒಂಬತ್ತು ವರ್ಷದಾಕಿ, ಮುರದ್ರ ಮುರೀಲಿ.

ಫೋಟೋದ ಮಾತು ಬಂತಲ್ಲಾ, ಇನ್ನೊಂದು ಹೇಳೇಬೇಕು. 1800ರ ಕಾಲದಾಗ ಫೋಟೋ ತಗೀಲಿಕ್ಕೆ ಎಷ್ಟೋ ಸೆಕೆಂಡ್ ಅಲಗಾಡದ ಕೂಡಬೇಕಿತ್ತು. ಕೂಸು ಕೂಡ್ತದೇನ್ರೀ? ಹಂಗಾಗಿ ವಿಲಾಯತಿ ಕಡೆ ಸ್ಟುಡಿಯೋದಾಗ ತಾಯಿನ್ನ ಖುರ್ಚಿ ಹಂಗ ಕೂಡಿಸಿ, ತಲಿ ಮ್ಯಾಲಿಂದ ಚಾದರ ಹೊಚ್ಚಿ, ಅಕಿ ತೊಡಿ ಮ್ಯಾಲೆ ಕೂಸು ಕೂಡಿಸಿ ತಗೀತಿದ್ರು. ಇವತ್ತು ಅಂಥಾ ಚಿತ್ರಕ್ಕ "ಅಡಗಿದ ತಾಯಿ" ಫೋಟೋ ಅಂತ ಹೆಸರು. ಕೂಸಿನ ಹಿಂದ ಒಂದು ಬಟ್ಟಿ ಗುಡ್ಡ, ಒಂದೊಂದ್ರಾಗ ಕೆಳಗ ಬೂಟು ಕಾಣ್ತಾವ, ಇಲ್ಲಾ ಎರಡು ಬೆರಳು. ನಮ್ಮ ಮನ್ಯಾಗೂ ಅಂಥಾದ್ದೊಂದು ಅದ, ಚಾದರ ಇಲ್ಲ ಅಷ್ಟ. ನಮ್ಮಪ್ಪ ಆರು ತಿಂಗಳ ಕೂಸಿದ್ದಾಗ ಹುಬ್ಬಳ್ಳಿ ಸ್ಟುಡಿಯೋದಾಗ ತಗಸಿದ್ದು. ನಟ್ಟನಡುವ ಕೂಸು, ಕುಂಚಿಗಿ ಹಾಕ್ಯಾರ. ಎಡಗಡೆ ಚೌಕಟ್ಟಿನ ಒಳಗ ಒಂದು ಕೈ ಬಂದದ, ಕೈತುಂಬ ಬಳಿ. ಅದು ನಮ್ಮಜ್ಜಿ ಕೈ. ಅಕಿದು ಬ್ಯಾರೆ ಫೋಟೋನ ಇಲ್ಲ. ಅಕಿ ಮಾರಿ ಹೆಂಗಿತ್ತು ಅಂತ ಕೇಳಿದ್ರ ನನ್ನ ಮೊಮ್ಮಕ್ಕಳಿಗೆ ತೋರಸಲಿಕ್ಕೆ ನನ್ನ ಹತ್ರ ಆ ಮುಂಗೈಯಷ್ಟ ಅದ.

ಈಗ ಕೇಳ್ರಿ. ಇದೇ ವೈಟ್ ಸ್ಯಾಂಡ್ಸಿನಾಗ, ದಿಬ್ಬದ ಪಶ್ಚಿಮಕ್ಕ, ಆ ಒಣಗಿದ ಕೆರಿ ಅಂಗಳದಾಗ ಹಿಮಯುಗದ ಮಂದಿ ಹೆಜ್ಜಿ ಸಿಕ್ಕಾವ. ಸಾವಿರಗಟ್ಟಲೆ. ಅವಕ್ಕ ಅಲ್ಲೆ ಭೂತದ ಹೆಜ್ಜಿ ಅಂತಾರ, ಯಾಕಂದ್ರ ಮಣ್ಣಿನ ಹಸಿ ಒಂದು ಹದಕ್ಕ ಬಂದಾಗಷ್ಟ ಕಾಣ್ತಾವ, ಒಣಗಿದ್ರ ಮತ್ತ ಮಾಯ. ಅದರಾಗ ಒಂದು ಸಾಲು 2020ರಾಗ ವಿಜ್ಞಾನಿಗಳು ಪ್ರಕಟ ಮಾಡಿದ್ರು. ಒಂದೂವರೆ ಕಿಲೋಮೀಟರಿಗಿಂತ ಉದ್ದ, ನೆಟ್ಟಗ ಹೋಗಿ ಅದೇ ದಾರೀಲೆ ತಿರುಗಿ ಬಂದದ್ದು. ಹತ್ತು ಸಾವಿರ ವರ್ಷಕ್ಕಿಂತ ಹಳೇದು. ಕೆಸರಾಗ ಜಾರ್ಕೋತ, ಆದ್ರೂ ಬಿರಬಿರ ನಡದದ್ದು. ಹೆಜ್ಜಿ ಅಳತಿ ನೋಡಿ ಅವರು ಹೇಳೋದು, ನಡದಾಕಿ ಒಬ್ಬ ಸಣ್ಣ ಆಳ್ತನದ ಹೆಣ್ಮಗಳು, ಇಲ್ಲಾ ಹರೇಕ್ಕ ಬರೋ ವಯಸ್ಸಿನ ಹುಡುಗ. ನಾನಂತೂ ಹೆಣ್ಮಗಳು ಅಂತನ ಹೇಳೋದು. ಯಾಕಂದ್ರ ಮುಂದಿಂದು ಕೇಳ್ರಿ.

ಹೋಗೂ ಮುಂದ ಆ ಹೆಜ್ಜಿ ಸಾಲಿನ ಬಾಜೂಕ ಅಲ್ಲಲ್ಲೆ ಇನ್ನೊಂದು ಜೋಡಿ ಪುಟ್ಟ ಹೆಜ್ಜಿ ಬರ್ತಾವ. ಮೂರು ವರ್ಷದೊಳಗಿನ ಕೂಸಿಂದು. ಬರ್ತಾವ, ಮತ್ತ ಇಲ್ಲದಂಗ ಆಗ್ತಾವ, ಮತ್ತ ಬರ್ತಾವ. ಅಂದ್ರ ಅಕಿ ಕೂಸನ್ನ ಎತಗೊಂಡು ಹೊಂಟಿದ್ಲು, ಕೈ ಸೋತಾಗ ಇಳಿಸಿದ್ಲು, ಮತ್ತ ಎತ್ತಿಕೊಂಡ್ಲು. ಕೂಸು ಬಗಲಾಗಿದ್ದಾಗ ಹೆಜ್ಜಿ ಅಗಲಾಗಿ ಬಾಳಿಹಣ್ಣಿನಂಗ ಸೊಟ್ಟ ಬಿದ್ದಾವ, ಮತ್ತ ಎಡಕ್ಕೂ ಬಲಕ್ಕೂ ಸರಿಸಮ ಇಲ್ಲ. ಭಾರ ಒಂದು ಕಡೆ ಇತ್ತು. ಎಡಗಡೆ ಟೊಂಕದ ಮ್ಯಾಲೆ ಕೂಸು ಕೂಡಿಸಿಕೊಂಡಿದ್ಲು ಅಂತ ಅವರ ಅಂದಾಜು. ವೈನಿ, ನೀವ ಹೇಳ್ರಿ, ಎಡಗಡೆ ಕೂಸು ಬಲಗೈ ಕೆಲಸಕ್ಕ ಮೋಕಳೀಕ, ಇದಕ್ಕ ವಿಜ್ಞಾನಿನ ಬೇಕೇನು?

ಅಕಿ ಹಿಂಗ ಹೋಗಿ ತಿರುಗಿ ಬರೋದ್ರೊಳಗ ಅದೇ ದಾರಿ ಅಡ್ಡ ಒಂದು ಮ್ಯಾಮತ್ ದಾಟ್ಯದ. ಆನಿ ಬಳಗದ ಪ್ರಾಣಿ. ಅದು ಇವರನ್ನ ಲೆಕ್ಕಕ್ಕ ತಗೊಂಡಂಗ ಕಾಣೂದಿಲ್ಲ, ತನ್ನ ಪಾಡಿಗೆ ನೆಟ್ಟಗ ಹೋಗ್ಯದ. ಇನ್ನೊಂದು ನೆಲದ ಸ್ಲಾತ್ ಅಂತ, ಆಳೆತ್ತರಕ್ಕಿಂತ ದೊಡ್ಡದು. ಅದು ಮಾತ್ರ ಹೆಜ್ಜಿ ಹತ್ರ ಬಂದು, ಹಿಂಗಾಲ ಮ್ಯಾಲೆ ಎದ್ದು ನಿಂತು, ಸುತ್ತ ತಿರುಗಿದ ಗುರುತದ. ವಾಸನಿ ಹಿಡದಿರಬೇಕು. ಅಂಥಾ ಪ್ರಾಣಿ ತಿರುಗೋ ಬಯಲಾಗ, ಕೆಸರಾಗ, ಕೂಸು ಬಗಲಾಗ ಇಟ್ಕೊಂಡು ಒಂದೂವರೆ ಕಿಲೋಮೀಟರ್ ಬಿರಬಿರ ಹೋಗೋದಂದ್ರ, ಹೋಗಲೇಬೇಕಾದ ಕೆಲಸ ಇದ್ದಿರಬೇಕು.

ಮತ್ತ ತಿರುಗಿ ಬರೂ ಮುಂದ ಕೂಸಿನ ಹೆಜ್ಜಿ ಇಲ್ಲ. ಒಂದೂ ಇಲ್ಲ. ಎತಗೊಂಡ ಗುರುತೂ ಇಲ್ಲ.

ಇದನ್ನ ಓದಿ ನನಗ ಎದಿ ಧಸಕ್ ಅಂತು. ಜ್ವರ ಬಂದಿತ್ತೇನೋ, ಏನಾತೇನೋ ಅಂತ. ದಿಬ್ಬದ ಮ್ಯಾಲೆ ಕೂತು ಹುಡುಗರಿಗೆ ಈ ಕಥಿ ಹೇಳ್ದೆ, ಕಡೀ ಮಾತು ಹೇಳ್ಬೇಕೋ ಬ್ಯಾಡೋ ಅಂತ ಸ್ವಲ್ಪ ತಡದೆ, ಆಮ್ಯಾಲೆ ಹೇಳ್ದೆ. ದೊಡ್ಡಾಕಿ ಪುಟ್ಟ ಪ್ಲಾಸ್ಟಿಕ್ ತಟ್ಟಿಗೆ ಮೇಣ ತಿಕ್ಕಲಿಕ್ಕೆ ಹತ್ತಿದ್ಲು, ಅದರ ಮ್ಯಾಲೆ ಕೂತು ದಿಬ್ಬದಿಂದ ಜಾರೋದು ಅಲ್ಲಿ ಹುಡುಗರ ಆಟ. ತಲಿ ಎತ್ತದ ಅಂದ್ಲು, "ಅಜ್ಜಿ ಮನ್ಯಾಗ ಬಿಟ್ಟು ಬಂದಾಳ." ಅಷ್ಟ. ಅಕಿಗೆ ಅದರಾಗ ವಿಚಾರ ಮಾಡೋದೇನೂ ಇರಲಿಲ್ಲ. ಮಗಳು ಡ್ಯೂಟಿಗೆ ಹೋಗೂ ಮುಂದ ಇವರನ್ನ ನನ್ನ ಹತ್ರನ ಬಿಟ್ಟು ಹೋಗ್ತಾಳಲ್ಲಾ. ವಿಜ್ಞಾನಿಗಳೂ ಅದಕ್ಕಿಂತ ಹೆಚ್ಚು ಏನೂ ಹೇಳಿಲ್ಲ ನೋಡ್ರಿ, ಕೂಸನ್ನ ಎಲ್ಲೋ ಯಾರ ಹತ್ರನೋ ಬಿಟ್ಟು ಬಂದಿರಬಹುದು ಅಂತನ ಅಂದಾರ.

2021ರಾಗ ಇನ್ನೂ ದೊಡ್ಡ ಸುದ್ದಿ ಬಂತು. ಹೆಜ್ಜಿ ಇದ್ದ ಮಣ್ಣಿನ ಪದರದಾಗ ನೀರಹುಲ್ಲಿನ ಬೀಜ ಸಿಕ್ಕು, ಅವನ್ನ ಪರೀಕ್ಷಾ ಮಾಡಿ, ಕೆಲವು ಹೆಜ್ಜಿ 21,000ದಿಂದ 23,000 ವರ್ಷ ಹಳೇವು ಅಂದ್ರು. ಅಲ್ಲಿತನಕ ಅಮೇರಿಕಾ ಖಂಡಕ್ಕ ಮನಷ್ಯಾರು ಬಂದದ್ದು ಅಷ್ಟು ಹಿಂದ ಅಲ್ಲ ಅಂತನ ಭಾಳ ಪಂಡಿತರು ನಂಬಿದ್ರು. ಜಗಳ ಹತ್ತಿತು. ನೀರಾಗ ಬೆಳದ ಬೀಜದ ಲೆಕ್ಕಾ ತಪ್ಪಬಹುದು ಅಂತ ಕೆಲವರು. ಆಮ್ಯಾಲೆ 2023ರಾಗ ಗಿಡದ ಪರಾಗ, ಮಣ್ಣಿನಾಗಿನ ಹರಳು ಬ್ಯಾರೆ ಬ್ಯಾರೆ ರೀತಿಲೆ ನೋಡಿದ್ರೂ ಹೆಚ್ಚು ಕಡಿಮಿ ಅದೇ ವಯಸ್ಸು ಬಂತು. ನನಗ ಆ ಜಗಳಕ್ಕಿಂತ ಹೆಚ್ಚಿಗಿ ಹಿಡಿಸಿದ್ದು ಬ್ಯಾರೆ. ಆ ಹೆಜ್ಜಿಗಳಾಗ ಭಾಳಷ್ಟು ಹರೇದ ಹುಡುಗರವು, ಸಣ್ಣ ಮಕ್ಕಳವು. ದೊಡ್ಡವರು ಕಡಿಮಿ. ತರೋದು ಒಯ್ಯೋದು ಹುಡುಗರ ಕೆಲಸ ಇದ್ದಿರಬೇಕು ಅಂತ ಅವರ ಊಹಾ. ಹೋಗಿ ಕೊತಂಬ್ರಿ ತಗೊಂಡು ಬಾ ಅಂದ್ರ ಮೂರು ಸಲ ಓಡೋರು ಹುಡುಗರೇ ಅಲ್ಲೇನು. 2025ರಾಗ ಮತ್ತೊಂದು. ನೆಲದ ಮ್ಯಾಲೆ ಉದ್ದಕ ಗೀರು, ಅದರ ಜೋಡಿ ಹೆಜ್ಜಿ. ಗಾಲಿ ಇಲ್ಲದ ಕಾಲದಾಗ ಗಳಾ ಕಟ್ಟಿ ಅದರ ಮ್ಯಾಲೆ ಸಾಮಾನು ಹೇರಿ ಎಳದುಕೊಂಡು ಹೋದ ಗುರುತು ಅಂತಾರ. ಬಾಜೂಕ ಮಕ್ಕಳ ಹೆಜ್ಜಿ.

ಗೋಕುಳಾಷ್ಟಮಿಗೆ ನಾವು ಹೊಸ್ತಿಲದಿಂದ ದೇವರ ಕೋಣಿ ತನಕ ಮುಷ್ಟಿ ಅಕ್ಕಿಹಿಟ್ಟಿನಾಗ ಅದ್ದಿ ಕೃಷ್ಣನ ಹೆಜ್ಜಿ ಒತ್ತತೀವಲ್ಲಾ, ಅದನ್ನ ನೋಡಿದ ಕಣ್ಣಿಗೆ ಆ ಕೆರಿ ಅಂಗಳದ ಚಿತ್ರ ಹೊಸದು ಅನಸೂದಿಲ್ಲ.

ಸರಕಾರದ ಇತಿಹಾಸದಾಗ ಈ ಜಾಗದ ಕಥಿ ಬ್ಯಾರೆನ ಅದ. ಅಪಾಚಿ ಜನರ ನೆಲ, ಮೆಸ್ಕಲೆರೋ ಅಪಾಚಿ ಅಂತ ಅವರ ಊರು ಇವತ್ತಿಗೂ ಪೂರ್ವದ ಗುಡ್ಡದಾಗ ಅದ. 1933ರ ಜನವರಿ 18ಕ್ಕ ಅಧ್ಯಕ್ಷ ಹೂವರ್ ಸಹಿ ಮಾಡಿ ರಾಷ್ಟ್ರೀಯ ಸ್ಮಾರಕ ಮಾಡಿದ್ರು. ಅದಕ್ಕ ಓಡಾಡಿದಾಂವ ಆಲಮೊಗೋರ್ಡೋ ಊರಿನ ಟಾಮ್ ಚಾರ್ಲ್ಸ್, ಇನ್ಶೂರೆನ್ಸ್ ಮಾಡಸೋ ಮನಷ್ಯಾ. ಅಂವನ ಹೆಂಡತಿ ಈ ಸೀಮಿ ಹಳೇ ಕಥಿ ಎಲ್ಲಾ ಕೂಡಿಸಿ ಪುಸ್ತಕ ಬರದಾಳ. ಬರದಾಕಿ ಹೆಸರು ಇರಬೇಕಾದಲ್ಲೆ ಮಿಸೆಸ್ ಟಾಮ್ ಚಾರ್ಲ್ಸ್ ಅಂತ ಅದ. 2019ರ ಡಿಸೆಂಬರ್‌ದಾಗ ರಾಷ್ಟ್ರೀಯ ಉದ್ಯಾನ ಆತು.

ನಡುವ ಯುದ್ಧ ಬಂತು. ಸುತ್ತಲಿನ ಬಯಲೆಲ್ಲಾ ಬಾಂಬು, ಕ್ಷಿಪಣಿ ಹಾರಸೋ ಮೈದಾನ ಆತು. 1945ರ ಜುಲೈ 16ರ ನಸಿಕಿನ್ಯಾಗ ಇಲ್ಲಿಂದ ಉತ್ತರಕ್ಕ ಸುಮಾರು 100 ಕಿಲೋಮೀಟರ್ ದೂರದಾಗ ಜಗತ್ತಿನ ಮೊದಲನೇ ಅಣುಬಾಂಬು ಸಿಡಿಸಿದ್ರು. ಟ್ರಿನಿಟಿ ಅಂತ ಹೆಸರಿಟ್ಟಿದ್ರು. ಸುತ್ತಲಿನ ಮಂದಿಗೆ ಮೊದಲ ಒಂದು ಮಾತು ಹೇಳಲಿಲ್ಲ, ಊರು ಬಿಡಸಲಿಲ್ಲ. ಆಮ್ಯಾಲೆ ಮದ್ದಿನ ಕೋಠಿ ಹಾರಿತು ಅಂತ ಸುಳ್ಳು ಹೇಳಿದ್ರು. ರುಯಿಡೋಸೋ ಅಂತ ಗುಡ್ಡದ ಊರಾಗ ಬ್ಯಾಸಗಿ ಶಿಬಿರಕ್ಕ ಬಂದ ಹುಡುಗ್ಯಾರಿದ್ರು. ಮುಗಲಿನಿಂದ ಬಿಳೇದು ಉದುರಲಿಕ್ಕೆ ಹತ್ತಿತು. ಜುಲೈದಾಗ ಹಿಮ ಬಂತು ಅಂತ ಕೈಯಾಗ ಹಿಡದು, ಮಾರಿಗೆ ಹಚ್ಚಿಕೊಂಡು ಆಡಿದ್ರು. ಅದು ಬಾಂಬಿನ ಬೂದಿ. ಹಳ್ಳ್ಯಾಗ ಮಂದಿ ಮಳಿ ನೀರು ತುಂಬಿಟ್ಟು ಕುಡೀತಿದ್ರು, ಮನಿ ಮುಂದಿನ ಕಾಯಿಪಲ್ಲೆ, ಮನಿ ಹಾಲು. ಅದು ಎಲ್ಲಾದ್ರ ಮ್ಯಾಲೂ ಬಿತ್ತು. ಮುಂದ ಮನಿಮನಿಗೆ ಕ್ಯಾನ್ಸರ್ ಬಂತು ಅಂತ ಅವರು ಎಷ್ಟೋ ವರ್ಷ ಹೇಳ್ಕೋತ ಬಂದ್ರು. 1990ರಾಗ ಪರಿಹಾರದ ಕಾಯ್ದೆ ಆತು, ಆದ್ರ ನೆವಾಡಾ ಕಡೆ ಸಿಡಿಸಿದ ಬಾಂಬಿನ ಮಂದಿಗೆ ಕೊಟ್ರು, ಮೊದಲನೇ ಬಾಂಬಿನ ಈ ನ್ಯೂ ಮೆಕ್ಸಿಕೋ ಮಂದೀನ್ನ ಬಿಟ್ರು. ಸೇರಿಸಿದ್ದು 2025ರ ಜುಲೈದಾಗ. ಎಂಬತ್ತು ವರ್ಷ. ಆ ಹೊತ್ತಿಗೆ ಬೂದಿ ಬಿದ್ದಾಗ ಕೂಸು ಇದ್ದೋರು ಮುತ್ತಜ್ಜಿ ಆಗ್ಯಾರ, ಭಾಳ ಮಂದಿ ಉಳದಿಲ್ಲ. ಉದ್ಯಾನದ ಉಸುಕು ಆ ಬೂದಿ ಅಲ್ಲ, ಅದರ ಹೆದರಿಕಿ ಬ್ಯಾಡ. ಆದ್ರ ನಮ್ಮ ಸಣ್ಣಾಂವ ಆ ಬಿಳಿ ಉಸುಕು ಬೊಗಸಿ ತುಂಬಿ ತಲಿ ಮ್ಯಾಲೆ ಸುರುವಿಕೊಂಡು ನಗೂ ಮುಂದ ಆ ಶಿಬಿರದ ಹುಡುಗ್ಯಾರು ನೆನಪಾಗೇ ಆಗ್ತಾರ.

ನೀರಿನ ಮಾತು ಒಂದು. ತಣ್ಣನ ಉಸುಕು ನೋಡಿ ಮೋಸ ಹೋಗಬ್ಯಾಡ್ರಿ, ಮ್ಯಾಲಿನ ಬಿಸಲು ಮರುಭೂಮಿದೇ. 2015ರ ಆಗಸ್ಟ್‌ದಾಗ ಫ್ರಾನ್ಸಿನಿಂದ ಬಂದ ಗಂಡಹೆಂಡತಿ ಒಂಬತ್ತು ವರ್ಷದ ಮಗನ್ನ ಕರಕೊಂಡು ಇಲ್ಲಿ ಉದ್ದನ್ನ ಕಾಲುದಾರಿ ಹಿಡದಿದ್ರು. ನೀರು ಕಡಿಮಿ ಬಿತ್ತು. ಇಬ್ರೂ ಅಲ್ಲೇ ತೀರಿಹೋದ್ರು, ಮಗ ಉಳದ. ತಾವು ಒಂದು ಗುಟುಕು ಕುಡದ್ರ ಮಗಗ ಎರಡು ಕೊಟ್ಟಿದ್ರಂತ, ಪೊಲೀಸರು ಹೇಳಿದ್ದು. ಒಬ್ಬೊಬ್ಬರಿಗೆ ಹೆಚ್ಚು ಕಡಿಮಿ ನಾಲ್ಕು ಲೀಟರ್ ಇರಬೇಕು. ದಿಬ್ಬ ಎಲ್ಲಾ ಒಂದೇ ಥರ ಕಾಣ್ತಾವ, ಹಿಂದಿನ ಹೆಜ್ಜಿ ಗಾಳಿಗೆ ಮುಚ್ಚಿ ಹೋಗ್ತಾವ, ಅದಕ್ಕ ಗೂಟದ ಗುರುತು ಬಿಟ್ಟು ಹೋಗಬ್ಯಾಡ್ರಿ.

ಆ ಹಳೇ ಹೆಜ್ಜಿ ಸಾಲು ಮಂದಿಗೆ ತೋರಸೂದಿಲ್ಲ. ಅಗದು ತಗದು ಇಡಲಿಕ್ಕೂ ಆಗೂದಿಲ್ಲ, ಅದು ಕಲ್ಲಲ್ಲ, ಮೆತ್ತನ್ನ ಮಣ್ಣು. ಗಾಳಿಗೆ ಮ್ಯಾಲಿನ ಪದರ ಹೋಗಿ ಹೆಜ್ಜಿ ಹೊರಗ ಬಿತ್ತಂದ್ರ, ಸವದು ಹೋಗಲಿಕ್ಕೆ ಶುರು. ಅದಕ್ಕ ಅಲ್ಲಿಯವರು ಕುಂಚಿಲೆ ಸ್ವಚ್ಛ ಮಾಡಿ, ಒಂದೊಂದು ಹೆಜ್ಜಿಗೂ ಸುತ್ತೂ ಕಡಿಂದ ಸಾಲು ಸಾಲು ಫೋಟೋ ತಗದು, ಕಂಪ್ಯೂಟರಿನಾಗ ಅದರ ಆಳ ಅಗಲ ಎಲ್ಲಾ ಹಂಗೇ ಮೂಡೂಹಂಗ ಮಾಡಿಡ್ತಾರ. ನೆಲದ ಮ್ಯಾಲಿಂದು ಹೋದ ಮ್ಯಾಲೆ ಫೋಟೋದಾಗಿಂದಷ್ಟ ಉಳೀತದ.

ಆ ಸಂಜಿ ದೊಡ್ಡಾಕಿ ಹಳೇ ಫೋನಿನಾಗ ನೂರಾ ಎಂಟು ಫೋಟೋ ತಗದಾಳ. ಹೆಚ್ಚಿನವು ಹಲ್ಲಿ ಹುಡುಕಿದ್ದು, ಅಲ್ಲಿ ಹಲ್ಲಿನೂ ಬಿಳೀನೇ, ಹಂಗಾಗಿ ಒಂದೂ ಸಿಕ್ಕಿಲ್ಲ. ಒಂದ್ರಾಗ ಸಣ್ಣಾಂವ ನನ್ನ ಬಗಲಾಗ ಅರ್ಧಾ ನಿದ್ದಿ ಹೋಗ್ಯಾನ, ಎಡಗಡೆ. ನನ್ನ ಸೀರಿ ಕಚ್ಚಿ ಕಟ್ಟಿದಂಗ ಮ್ಯಾಲೆ ಎತ್ತಿ ಸಿಕ್ಕಿಸೀನಿ, ಕೂದಲಾ ಹಾರಿ ಮಾರಿ ಮ್ಯಾಲೆ ಬಂದದ. ಅಳಿಯ ಛಂದ ಬಂದಿಲ್ಲ, ಅಳಿಸಿಬಿಡ್ರಿ ಅಂದ್ರು. ಅಳಿಸಿಲ್ಲ, ಹುಬ್ಬಳ್ಳಿಗೆ ಬಂದಾಗ ಕಾಗದದ ಮ್ಯಾಲೆ ತಗಸೀನಿ.

ಹೋಗೋರಿದ್ರ ಮಾರ್ಚ್-ಏಪ್ರಿಲ್ ಬ್ಯಾಡ, ಗಾಳಿ ಭಾಳ, ಉಸುಕು ಲೆನ್ಸಿನಾಗ ಕೂಡ್ತದ. ಅಕ್ಟೋಬರ್-ನವೆಂಬರ್ ಛಲೋ. ಬಾಜೂಕಿನ ಮೈದಾನದಾಗ ಕ್ಷಿಪಣಿ ಪರೀಕ್ಷಾ ಇದ್ದ ದಿನ ರಸ್ತಾ ಮೂರು ತಾಸಿನ ತನಕ ಮುಚ್ಚಿರ್ತಾರ, ಹಿಂದಿನ ದಿನ ವಿಚಾರಿಸಿಕೊಂಡು ಹೊಂಡ್ರಿ. ಬುತ್ತಿಗೆ ಮಸರನ್ನ ಬ್ಯಾಡ, ಚಪಾತಿ-ಚಟ್ನಿಪುಡಿ ಕಟಗೋರಿ.